ಚಹಾ ತುಳುಕದ ಲಿಫ್ಟು

"ಎತ್ತೇ, ನಿನ್ನ ಕಡೆ ಸ್ವಲ್ಪ ಎತ್ತು!"

"ನನ್ನ ಕಡೆ ಗೋಡೆ ಇದೆ. ಗೋಡೆ ಎತ್ತಲಾ?" ಎಂದಳು ಕುಲೀಪಾ ಕೆಳಗಿನ ಮೆಟ್ಟಿಲಿನಿಂದ.

ಐದನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವಿನ ತಿರುವಿನಲ್ಲಿ ಅವಳ ಗಂಡ ಶಾರ್ಶೆನ್ ಸಿಕ್ಕಿಕೊಂಡಿದ್ದ. ಉಣ್ಣೆ ಗುಡಾರದ ನೆತ್ತಿಗೆ ಕೂರಿಸುವ ಮರದ ಚಕ್ರದ ಒಂದಂಚು ಕಂಬಿಯನ್ನೂ ಇನ್ನೊಂದಂಚು ಗೋಡೆಯನ್ನೂ ಕಚ್ಚಿಕೊಂಡಿತ್ತು. ಅಡ್ಡಪಟ್ಟಿಗಳ ಸಂದಿಯಿಂದ ಶಾರ್ಶೆನ್‌ನ ತಲೆ ಮಾತ್ರ ಹೊರಗಿತ್ತು. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದ ಮನುಷ್ಯ. ಜಗತ್ತಿನ ದೊಡ್ಡ ನದಿಗಳೆಲ್ಲ ಎಲ್ಲೆಲ್ಲಿ ತಿರುಗುತ್ತವೆಂದು ನಿದ್ದೆಯಲ್ಲೂ ಹೇಳಬಲ್ಲ. ಮನೆಯ ಮೆಟ್ಟಿಲು ಎಲ್ಲಿ ತಿರುಗುತ್ತದೆ ಎಂಬುದು ಪಠ್ಯದಲ್ಲಿರಲಿಲ್ಲ.

ಅಷ್ಟರಲ್ಲಿ ಎರಡು ಬಕೆಟ್ ನೀರು ಹೊತ್ತುಕೊಂಡು ಜಿನಾಯಿದಾ ಪಾವ್ಲೊವ್ನಾ ಮೇಲೆ ಬಂದಳು. ಆಕೆ ಈ ಬಹುಮಹಡಿ ಗೋಪುರದ ಹಿರಿಯಳು, ನಿವಾಸಿಗಳ ಸಮಿತಿಯ ಮುಖ್ಯಸ್ಥೆ. ನಲ್ಲಿಯ ನೀರು ನಾಲ್ಕನೇ ಮಹಡಿಗಿಂತ ಮೇಲೆ ಹತ್ತುವುದನ್ನು ಬಿಟ್ಟ ಮೇಲೆ ಆಕೆಯೇ ಅದನ್ನು ಆರನೇ ಮಹಡಿಗೆ ಹತ್ತಿಸುತ್ತಿದ್ದಳು.

"ಏನೋ ಇದು ಶಾರ್ಶೆನ್, ಸರ್ಕಸ್ ಸೇರ್ಕೊಂಡ್ಯಾ?"

"ಇದೊಂದು ಸಾಂಸ್ಕೃತಿಕ ವಿಚಾರ ಅಕ್ಕ," ಎಂದ ಶಾರ್ಶೆನ್, ಆ ಭಂಗಿಯಲ್ಲಿ ಎಷ್ಟು ಗಾಂಭೀರ್ಯ ಸಾಧ್ಯವೋ ಅಷ್ಟರಲ್ಲಿ. "ಗುಡಾರ. ಅಂಗಳದಲ್ಲಿ ಹಾಕ್ಬೇಕು. ಇವತ್ತೇ."

ಜಿನಾಯಿದಾಳ ಮುಖ ಇಳಿಯಿತು. ಬಕೆಟ್ ಕೆಳಗಿಟ್ಟು, ಎದೆಯ ಮೇಲೆ ಶಿಲುಬೆ ಗುರುತು ಮಾಡಿ, ಚಕ್ರದ ಸಂದಿಯಿಂದ ಕೈ ತೂರಿಸಿ ಅವನ ಕೆನ್ನೆ ಸವರಿದಳು. "ಧೈರ್ಯ ತಗೋ ಮಗನೇ," ಎಂದು ಬಕೆಟ್‌ಗಳನ್ನು ಅಲ್ಲೇ ಬಿಟ್ಟು ಸರಸರನೆ ಕೆಳಗಿಳಿದಳು.

"ನೋಡು, ನಾನು ಸಿಕ್ಕಿಕೊಂಡಿದ್ದಕ್ಕೆ ಎಷ್ಟು ಮರುಕ ಪಟ್ಟರು!" ಎಂದ ಶಾರ್ಶೆನ್.

ಬಿಷ್ಕೇಕಿನಲ್ಲಿ ಬಹುಮಹಡಿ ಮನೆಗಳ ಅಂಗಳದಲ್ಲಿ ಗುಡಾರ ಏಳುವುದು ಒಂದೇ ಕಾರಣಕ್ಕೆ, ಮನೆಯಲ್ಲಿ ಯಾರಾದರೂ ಸತ್ತಾಗ ಎಂದು ಕುಲೀಪಾ ಹಿಂದಿನ ರಾತ್ರಿಯಿಂದ ಎರಡು ಸಲ ಹೇಳಿದ್ದಳು. ಶಾರ್ಶೆನ್ ಒಪ್ಪಿರಲಿಲ್ಲ. "ನಮ್ಮಪ್ಪ ಬೆಟ್ಟದಲ್ಲಿ ನಲವತ್ತು ವರ್ಷ ಇದೇ ಗುಡಾರದಲ್ಲಿ ಬದುಕಿದ. ಗುಡಾರ ಇರೋದು ಬದುಕೋಕೆ. ಸಾಯೋಕೆ ಬೇಕಾದಷ್ಟು ಕಾಂಕ್ರೀಟ್ ಇದೆ," ಎಂದಿದ್ದ.

ಇದಕ್ಕೆಲ್ಲ ಮೂಲ ಒಂದು ಬಟ್ಟಲು ಚಹಾ. ತಲಾಸ್ ಕಣಿವೆಯ ಕುದುರೆ ಸಾಕಣೆಗಾರ ಸಗಿನ್‌ಬಾಯ್‌ನ ಮಗನಿಗೂ ಶಾರ್ಶೆನ್‌ನ ಮಗಳು ಬುರುಲ್‌ಗೂ ಮನಸ್ಸು ಕೂಡಿತ್ತು. ಮೊದಲ ಭೇಟಿಯಲ್ಲಿ ಸಗಿನ್‌ಬಾಯ್ ತನ್ನ ಕಂದು ಕುದುರೆಯ ನಡಿಗೆಯನ್ನು ಹೊಗಳಿದ: ಮೇಲೆ ಕೂತು ಕುಮಿಸ್, ಅಂದರೆ ಹುಳಿ ಬಂದ ಕುದುರೆ ಹಾಲು, ಕುಡಿದರೆ ಮೀಸೆ ಒದ್ದೆಯಾಗುವುದಿಲ್ಲವಂತೆ. ಹೊಗಳಿಕೊಳ್ಳಲು ಶಾರ್ಶೆನ್ ಹತ್ತಿರ ಕುದುರೆ ಇರಲಿಲ್ಲ. ಇದ್ದದ್ದು ಲಿಫ್ಟು. "ನಮ್ಮ 'ಮುಂಜಾವು' ಕಟ್ಟಡದ ಲಿಫ್ಟು ಹೇಗೆ ಗೊತ್ತಾ ಬೀಗರೇ? ಅಂಚಿನ ತನಕ ತುಂಬಿದ ಚಹಾ ಬಟ್ಟಲು ಹಿಡ್ಕೊಂಡು ಒಂಬತ್ತು ಮಹಡಿ ಹೋಗಿ. ಒಂದು ಹನಿ ತುಳುಕಿದ್ರೆ ನನ್ನ ಹೆಸರು ಬದಲಾಯಿಸಿ."

ಇದು ಸುಳ್ಳಲ್ಲ. ಸ್ವಲ್ಪ ಹಳೆಯ ನಿಜ. ಹದಿನಾರು ಮಹಡಿಯ ನಾಲ್ಕು ಗೋಪುರಗಳ 'ಮುಂಜಾವು' ಒಂದು ಕಾಲಕ್ಕೆ ಹೊರದೇಶದ ನಿಯೋಗಗಳನ್ನು ಬಸ್ಸಿನಲ್ಲಿ ತಂದು ತೋರಿಸುವಂಥ ಜಾಗವಾಗಿತ್ತು. ಈಗ ಅಂಗಳದ ಕಾರಂಜಿಯಲ್ಲಿ ಎಲೆಕೋಸು ಬೆಳೆಯುತ್ತಿತ್ತು. ಗೋಡೆಯ ಹೊಳೆಯುವ ಹೆಂಚುಗಳು ವಸಂತದಲ್ಲಿ ಒಂದೊಂದಾಗಿ ಉದುರುವುದರಿಂದ ಗೋಡೆ ಪಕ್ಕ ನಡೆಯುವವರು ಬೇಸಿಗೆಯಲ್ಲೂ ತುಪ್ಪಟದ ಟೋಪಿ ತೆಗೆಯುತ್ತಿರಲಿಲ್ಲ. ಲಿಫ್ಟು ನಾಲ್ಕು ವರ್ಷದ ಹಿಂದೆ ಆರನೇ ಮತ್ತು ಏಳನೇ ಮಹಡಿಯ ನಡುವೆ ನಿಂತಿತು. ಒಳಗಿದ್ದವರನ್ನು ಎಳೆದು ತೆಗೆದರು. ಅವರು ಸಾಗಿಸುತ್ತಿದ್ದ ಹಸಿರು ಸೋಫಾ ಮಾತ್ರ ಒಳಗೇ ಉಳಿಯಿತು. ದುರಸ್ತಿಗಾಗಿ ನಲವತ್ತಾರು ಅರ್ಜಿ ಹೋಗಿದ್ದವು. "ನಿಮ್ಮ ಅರ್ಜಿಯನ್ನು ಮೇಲಕ್ಕೆ ಕಳಿಸಲಾಗಿದೆ," ಎಂದು ನಲವತ್ತಾರಕ್ಕೂ ಉತ್ತರ ಬಂದಿತ್ತು. ಅರ್ಜಿಯಾದರೂ ಮೇಲಕ್ಕೆ ಹೋಗುತ್ತದಲ್ಲ ಎಂದು ಜನ ಹೊಟ್ಟೆಕಿಚ್ಚು ಪಟ್ಟಿದ್ದರು.

ಮಂಡಿನೋವಿನ ಮುದುಕರು ಕೆಳಗಿಳಿಯುವುದನ್ನೇ ಬಿಟ್ಟರು. ಶಾರ್ಶೆನ್‌ನ ತಾಯಿ ಉರ್ಕಿಯಾ ಒಂಬತ್ತನೇ ಮಹಡಿಯಿಂದ ಇಳಿದು ನಾಲ್ಕು ವರ್ಷವಾಗಿತ್ತು. ಅವಳ ಪ್ರಪಂಚವೆಲ್ಲ ಬಾಲ್ಕನಿಯ ಹಗ್ಗಕ್ಕೆ ಕಟ್ಟಿದ ಒಂದು ನೀಲಿ ಬಕೆಟ್ಟು. ರೊಟ್ಟಿ, ಮಾತ್ರೆ, ಕಾಗದ, ಒಮ್ಮೆ ಒಂದು ಬೆಕ್ಕು, ಎಲ್ಲ ಅದರಲ್ಲೇ ಏರಿ ಇಳಿಯುತ್ತಿದ್ದವು.

ಈಗ ಸಗಿನ್‌ಬಾಯ್ ಹೆಂಡತಿ ಸಮೇತ ಬುರುಲ್‌ಗೆ ನಿಶ್ಚಯದ ಓಲೆ ತೊಡಿಸಲು ಮೂರು ಗಂಟೆಗೆ ಬರುವವನಿದ್ದ. "ಚಹಾ ಬಟ್ಟಲು ಮನೆಯಿಂದಲೇ ತರ್ತೀನಿ ಬೀಗರೇ," ಎಂದು ಫೋನಿನಲ್ಲಿ ನಕ್ಕಿದ್ದ. ಹೆಣ್ಣಿನ ತಂದೆ ಮೊದಲ ಮಾತಿನಲ್ಲೇ ಬೂಸಿ ಬಿಟ್ಟವನೆಂದು ಗೊತ್ತಾದರೆ ಓಲೆಯ ಪೆಟ್ಟಿಗೆ ತೆರೆಯದೆಯೇ ತಲಾಸಿಗೆ ವಾಪಸು ಹೋಗುತ್ತದೆ. ಅದಕ್ಕೇ ಗುಡಾರ. ಬೀಗರನ್ನು ಅಂಗಳದಲ್ಲೇ ಸಂಪ್ರದಾಯಬದ್ಧವಾಗಿ ಕೂರಿಸಿ, ಮಾಂಸ ತಿನ್ನಿಸಿ, ಲಿಫ್ಟಿನ ಸುದ್ದಿ ಎತ್ತುವ ಮೊದಲೇ ಕಳಿಸಿಬಿಡುವುದು.

ಹನ್ನೊಂದು ಗಂಟೆಗೆ ಗುಡಾರ ಎದ್ದಿತು. ಕುಲೀಪಾ ಮಾಂಸ ತರಲು, ಬುರುಲ್ ಕೂದಲು ಸರಿಮಾಡಿಸಿಕೊಳ್ಳಲು ಹೋದರು. ಶುಭಕಾರ್ಯವೆಂದು ನೋಡಿದವರಿಗೆಲ್ಲ ಗೊತ್ತಾಗಲೆಂದು ಶಾರ್ಶೆನ್ ಬಾಗಿಲ ಪಕ್ಕ ಒಂದು ಕೋಲು ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ಮೆಚ್ಚಿಕೊಂಡ.

ಮೂರನೇ ಗೋಪುರದ ಕಡೆಯಿಂದ ಆಗ ಒಂದು ಊಳು ಕೇಳಿಸಿತು.

"ಅಯ್ಯೋ ನನ್ನ ಒಡಹುಟ್ಟೇ! ಅಯ್ಯೋ, ಬಾಳಬೇಕಾದ ಜೀವವೇ!"

ಜಪಾರ್ ಓಡೋಡಿ ಬರುತ್ತಿದ್ದ. ಮೂವತ್ತು ವರ್ಷ ಕಾರ್ಖಾನೆಯ ವಾದ್ಯಮೇಳದಲ್ಲಿ ತುತ್ತೂರಿ ಊದಿದವನಾದ್ದರಿಂದ ಅವನ ಪುಪ್ಪುಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೋಳಾಡುತ್ತ ಬಂದವನನ್ನು ಏನೂ ಕೇಳದೆ ಅಪ್ಪಿಕೊಂಡು ಜೊತೆಗೆ ಅಳುವುದು ನಮ್ಮವರ ರೀತಿ. ಶಾರ್ಶೆನ್ ಅಪ್ಪಿಕೊಂಡ. ಪಾಪ, ಜಪಾರ್ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದುಕೊಂಡು ಮನಸಾರೆ ಅತ್ತ. ಪಾಪ, ಶಾರ್ಶೆನ್ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದುಕೊಂಡು ಜಪಾರ್ ಅವನಿಗಿಂತ ಜೋರಾಗಿ ಅತ್ತ. ಹೀಗೆ ಇಬ್ಬರು ಸಜ್ಜನರು, ಯಾರೂ ಸಾಯದಿದ್ದ ಎರಡು ಮನೆಗಳ ಪರವಾಗಿ, ಐದು ನಿಮಿಷ ಒಬ್ಬರನ್ನೊಬ್ಬರು ಸಮಾಧಾನಪಡಿಸಿದರು.

ಆಮೇಲೆ ಇನ್ನೊಬ್ಬ ಬಂದ. ಆಮೇಲೆ ನಾಲ್ವರು. ಹೆಂಗಸರು ಸಮಿತಿಯ ದೊಡ್ಡ ಕಡಾಯಿ ಉರುಳಿಸಿಕೊಂಡು ಬಂದು ಸಾವಿನ ಮನೆಗೆ ಬಂದವರಿಗೆ ಹಂಚುವ ಬೋರ್ಸೋಕ್ ಕರಿಯಲು ಹಿಟ್ಟು ನಾದತೊಡಗಿದರು. ಇಡೀ 'ಮುಂಜಾವಿಗೆ' ಒಂದೇ ದಿನ ಇಷ್ಟು ಸಾವು ಹೇಗೆ ಬಡಿಯಿತೆಂದು ಶಾರ್ಶೆನ್‌ಗೆ ಅಚ್ಚರಿಯಾಗುತ್ತಿದ್ದಾಗ ಬೆನ್ನ ಹಿಂದೆ ಪಿಸುಮಾತು ಕೇಳಿಸಿತು.

"ಕೆಂಪು ಕಟ್ಟಿದಾರೆ. ಎಳೇ ಜೀವ."

"ಬುರುಲ್ ಅಲ್ಲ ಬಿಡು, ಈಗ ತಾನೇ ಬಸ್ ಹತ್ತಿದ್ಲು."

"ಹಾಗಾದ್ರೆ ಈ ಮನೇಲಿ ಎಳೇರು ಯಾರೇ?"

ಆಗ ಶಾರ್ಶೆನ್‌ಗೆ ಹಳೆಯ ಪದ್ಧತಿ ನೆನಪಾಯಿತು. ಸಾವಿನ ಗುಡಾರದ ಮುಂದೆ ಕೆಂಪು ಬಟ್ಟೆಯೆಂದರೆ ಎಳೆಯರು, ಕಪ್ಪೆಂದರೆ ನಡುವಯಸ್ಸಿನವರು.

"ಯಾರೂ ಸತ್ತಿಲ್ಲ!" ಎಂದು ಕಿರುಚಿದ. "ನಮ್ಮನೇಲಿ ಎಲ್ಲಾರೂ ಬದುಕಿದೀವಿ!"

ಗುಂಪು ತಲೆ ತಗ್ಗಿಸಿತು. "ಪಾಪ, ಒಪ್ಕೊಳ್ಳೋಕೆ ಆಗ್ತಿಲ್ಲ ಅವನಿಗೆ," ಎಂದ ಜಪಾರ್. "ನಮ್ಮಣ್ಣ ಹೋದಾಗ ನಾನೂ ಹೀಗೇ ಅಂದಿದ್ದೆ."

ಶಾರ್ಶೆನ್ ಕೆಂಪು ಬಟ್ಟೆಯನ್ನು ಕಿತ್ತೆಸೆದ. ಬರೀ ಕೋಲು ನಿಂತಿದ್ದು ಇನ್ನೂ ಅಪಶಕುನವೆನಿಸಿತು. ಊಟದ ಮೇಜಿಗೆಂದು ಇಟ್ಟಿದ್ದ ಹೊಸ ಬಟ್ಟೆ ಕೈಗೆ ಸಿಕ್ಕಿತು, ಅದನ್ನೇ ಕಟ್ಟಿದ. ಅದು ಬಿಳಿಯದು. ಬಿಳಿಯೆಂದರೆ ಮುದುಕರು ಎಂಬುದು ಗಂಟು ಬಿಗಿದ ಮೇಲೆ ನೆನಪಾಯಿತು.

ಅಂಗಳದ ಮುಖಗಳೆಲ್ಲ ಒಟ್ಟಿಗೆ ಒಂಬತ್ತನೇ ಮಹಡಿಯತ್ತ ಎದ್ದವು.

"ಉರ್ಕಿಯಾ ಅಜ್ಜೀ!" ಎಂದು ಜಪಾರ್ ಕೂಗಿದ ಕೂಗಿಗೆ ನಾಲ್ಕನೇ ಗೋಪುರದ ಎರಡು ಹೆಂಚು ಕಳಚಿ ಬಿದ್ದವು.

ಅತ್ತ ಜಿನಾಯಿದಾ ವಸತಿ ಕಚೇರಿಗೆ ಫೋನ್ ಮಾಡಿ ಆಗಿತ್ತು. "ಸಾಹೇಬ್ರೇ, ಒಂಬತ್ತನೇ ಮಹಡೀಲಿ ಹೆಣ ಇದೆ. ಕೆಳಗೆ ಗುಡಾರಕ್ಕೆ ತರ್ಬೇಕು. ಮೆಟ್ಟಿಲ ತಿರುವಿನಲ್ಲಿ ಒಂದು ಚಕ್ರಾನೇ ತಿರುಗಲ್ಲ. ಯಾವ ಕಿಟಕಿಯಿಂದ ಇಳಿಸೋಣ, ನೀವೇ ಹೇಳಿ. ಟೀವಿಯವ್ರು ಕೇಳಿದ್ರೆ ಅದನ್ನೇ ಹೇಳ್ತೀವಿ."

ಅರ್ಧ ಗಂಟೆಯಲ್ಲಿ ವಸತಿ ಕಚೇರಿಯ ಮುಖ್ಯಸ್ಥ ಅಬ್ದಿರಾಸುಲ್ ಕಪ್ಪು ಕಾರಿನಲ್ಲಿ, ಹಿಂದೆ ವ್ಯಾನಿನಲ್ಲಿ ಒಬ್ಬ ಮೆಕ್ಯಾನಿಕ್ ಬಂದಿಳಿದರು. ಮೋಟಾರಿನ ಸುರುಳಿಯೊಂದು ಸುಟ್ಟುಹೋಗಿದೆ, ಬೇರೆ ಸಿಗುವುದಿಲ್ಲ ಎಂದು ನಾಲ್ಕು ವರ್ಷದಿಂದ ಎದುರು ಸಿಕ್ಕಿ ಕೇಳಿದವರಿಗೆಲ್ಲ ಹೇಳುತ್ತಿದ್ದವರು ಇವರೇ. ಈಗ ಅಬ್ದಿರಾಸುಲ್ ತಮ್ಮದೇ ಕಚೇರಿಯ ಲಿಫ್ಟಿನಿಂದ ಅದನ್ನು ಬಿಚ್ಚಿಸಿ ತಂದಿದ್ದರು. "ಐದು ಗಂಟೆಗೆ ವಾಪಸ್ ಹಾಕ್ಬೇಕು," ಎಂದು ಮೆಕ್ಯಾನಿಕ್‌ನ ಕಿವಿಯಲ್ಲಿ ಹೇಳಿ, ಮುಖವನ್ನು ಸಂತಾಪಕ್ಕೆ ಹೊಂದಿಸಿಕೊಂಡು ಶಾರ್ಶೆನ್‌ನನ್ನು ಅಪ್ಪಿಕೊಂಡರು.

"ತುಂಬಲಾರದ ನಷ್ಟ."

"ಸಾಹೇಬ್ರೇ, ನಮ್ಮಮ್ಮ ಬದುಕಿದಾರೆ."

"ಬದುಕಿರ್ತಾರೆ, ಬದುಕಿರ್ತಾರೆ. ಜನರ ಹೃದಯದಲ್ಲಿ."

ಇದೇ ಹೊತ್ತಿಗೆ ಒಂಬತ್ತನೇ ಮಹಡಿಯಿಂದ ನೀಲಿ ಬಕೆಟ್ಟು ತೂಗಾಡುತ್ತ ಇಳಿದು ಜಿನಾಯಿದಾಳ ಕಡಾಯಿಯ ಪಕ್ಕದಲ್ಲೇ ನೆಲ ಮುಟ್ಟಿತು. ಒಳಗೊಂದು ಚೀಟಿ:

'ಯಾರು ಸತ್ತಿದ್ದು? ಆಗಿಂದ ಕೂಗಿ ಕೇಳ್ತಿದ್ದೀನಿ, ಒಬ್ಬರೂ ಹೇಳಲ್ಲ. ಗೊತ್ತಿರೋರಾದ್ರೆ ನಾನೂ ಸ್ವಲ್ಪ ಅಳ್ತೀನಿ. ನಾಲ್ಕು ಬೋರ್ಸೋಕ್ ಕಳಿಸಿ, ಬಿಸೀದು.'

ಜಿನಾಯಿದಾ ಚೀಟಿಯನ್ನು ಎರಡು ಸಲ ಓದಿದಳು. ಮೇಲೆ ಲಿಫ್ಟಿನ ಯಂತ್ರದ ಕೋಣೆಯಿಂದ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಚೀಟಿಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿ, ಬಕೆಟ್ಟಿಗೆ ಬೋರ್ಸೋಕ್ ತುಂಬಿ ಹಗ್ಗ ಜಗ್ಗಿ, ಶಾರ್ಶೆನ್‌ನ ತೋಳು ಹಿಡಿದು ಗುಡಾರದ ಹಿಂದಕ್ಕೆ ಎಳೆದೊಯ್ದಳು.

"ನಿಮ್ಮಮ್ಮ ಬೋರ್ಸೋಕ್ ಕೇಳಿದಾರೆ."

"ನಾನು ಬೆಳಗಿಂದ ಬಾಯಿ ಬಡ್ಕೊಳ್ತಿರೋದು ಏನಕ್ಕ ಮತ್ತೆ!"

"ಇನ್ನು ಬಡ್ಕೋಬೇಡ. ಮೆಕ್ಯಾನಿಕ್ ಮೋಟಾರ್ ಬಿಚ್ಚಿದಾನೆ. ಇನ್ನೊಂದು ಗಂಟೆ ನಿಮ್ಮಮ್ಮ ಬದುಕಿರೋದು ಬೇಡ."

"ಅಕ್ಕ, ಮೂರು ಗಂಟೆಗೆ ಬೀಗರು ಬರ್ತಾರೆ! ಸಾವಿನ ಮನೇಲಿ ಓಲೆ ತೊಡಿಸೋಕಿಲ್ಲ. ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಅಷ್ಟರಲ್ಲಿ ತಲಾಸಲ್ಲಿ ಎಷ್ಟು ಹುಡುಗೀರು ಕಿವಿ ಚುಚ್ಚಿಸ್ಕೊಂಡು ಕಾಯ್ತಿರ್ತಾರೋ!"

"ಅದು ಒಂದು ಹುಡುಗಿ ಮದುವೆ. ಇದು ಹದಿನಾರು ಮಹಡಿ."

ಶಾರ್ಶೆನ್ ಅಂಗಳ ನೋಡಿದ. ಸತ್ಯ ಹೇಳಿದರೆ ಲಿಫ್ಟು ಹೋಯಿತು. ಹೇಳದಿದ್ದರೆ ಬೀಗರು ಹೋದರು. ಭೂಗೋಳದಲ್ಲಿ ಇಂಥ ಜಾಗಕ್ಕೆ ಜಲಸಂಧಿ ಎನ್ನುತ್ತಾರೆ. ಆಚೆಗೊಂದು ಬಂಡೆ, ಈಚೆಗೊಂದು ಬಂಡೆ. ಅವನು ಬಾಯಿ ತೆರೆಯುವಷ್ಟರಲ್ಲಿ ಚೀಟಿಯ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತ್ತು. ಅಜ್ಜಿ ಬದುಕಿದ್ದಾಳೆ ಎಂದು ತಿಳಿದ ಜನ ನಿಜವಾದ ಹುಮ್ಮಸ್ಸಿನಿಂದ ಅಳತೊಡಗಿದರು. ಮೊದಲು ಸುಮ್ಮನೆ ಮುಖ ತೋರಿಸಿ ಹೋಗಲು ಬಂದಿದ್ದವರೂ ಈಗ ಎದೆ ಬಡಿದುಕೊಂಡರು. ಮೇಲೆ ಸುತ್ತಿಗೆಯ ಸದ್ದು ನಿಂತಾಗಲೆಲ್ಲ ಜಪಾರ್ ಒಂದು ಸ್ವರ ಏರಿಸುತ್ತಿದ್ದ. ಸದ್ದು ಮತ್ತೆ ಶುರುವಾದಾಗ ಇಳಿಸುತ್ತಿದ್ದ. ಅಬ್ದಿರಾಸುಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಂಥಾ ಜನಾನುರಾಗ! ಇಂಥವರು ಇಲ್ಲಿದ್ದಾರೆ ಅಂತ ನಮಗೊಂದು ಮಾತು ಯಾರೂ ತಿಳಿಸಲಿಲ್ವಲ್ಲ."

"ನಲವತ್ತಾರು ಸಲ ತಿಳಿಸಿದ್ವಿ ಸಾಹೇಬ್ರೇ," ಎಂದಳು ಜಿನಾಯಿದಾ, ಕಡಾಯಿಗೆ ಹಿಟ್ಟಿನ ತುಂಡು ಹಾಕುತ್ತ.

ಮಾಂಸದ ಚೀಲಗಳೊಂದಿಗೆ ಕುಲೀಪಾ ವಾಪಸು ಬಂದು ಬಿಳಿ ಬಟ್ಟೆ ನೋಡಿದಳು, ಅಳುವ ಜನ ನೋಡಿದಳು, ಗಂಡನನ್ನು ನೋಡಿದಳು. "ಹೇಳಿದ್ನಾ ಇಲ್ವಾ?" ಎಂದಷ್ಟೇ ಕೇಳಿ, ಪದ್ಧತಿ ತಪ್ಪಬಾರದೆಂದು ಗುಡಾರದೊಳಗೆ ಗೋಡೆಗೆ ಮುಖ ಮಾಡಿ ಕೂತು ಅಳತೊಡಗಿದಳು. ಅವಳೊಬ್ಬಳ ಅಳುವಿಗೆ ಮಾತ್ರ ಅಂಗಳದಲ್ಲಿ ಸರಿಯಾದ ಕಾರಣವಿತ್ತು. ಹೊಸ ಜಡೆಯ ಬುರುಲ್ ಅವಳ ಪಕ್ಕ ಕೂತಳು.

ಸಗಿನ್‌ಬಾಯ್ ಇಪ್ಪತ್ತು ನಿಮಿಷ ಮೊದಲೇ ಬಂದ. ಕಾರಿನಿಂದ ಒಂದು ಕಾಲು ಹೊರಗಿಟ್ಟವನು ಬಿಳಿ ಬಟ್ಟೆ ಕಂಡು ಕಲ್ಲಾದ. ಅವನ ಹೆಂಡತಿ ಓಲೆಯ ಪೆಟ್ಟಿಗೆಯನ್ನು ಸರಕ್ಕನೆ ಶಾಲಿನೊಳಗೆ ಮುಚ್ಚಿಕೊಂಡಳು. ಮರುಕ್ಷಣ ಬೆಟ್ಟದ ಮನುಷ್ಯ, ರೀತಿ ಬಲ್ಲವನು, ಕೈಚಾಚಿ ಗೋಳಾಡುತ್ತ ಓಡಿಬಂದು ಶಾರ್ಶೆನ್‌ನ ಮೇಲೆ ಬಿದ್ದ. "ಅಯ್ಯೋ ದೊಡ್ಡಮ್ಮ! ಹರಸಬೇಕಾದ ದಿನವೇ ಹೊರಟ್ರಲ್ಲ!"

"ಬೀಗರೇ," ಎಂದು ಶಾರ್ಶೆನ್ ಅವನ ಕಿವಿಗೆ ಪಿಸುಗುಟ್ಟಿದ, "ಸತ್ತಿಲ್ಲ."

"ಹೌದು ಬೀಗರೇ, ಅಂಥವರು ಸಾಯೋದಿಲ್ಲ."

"ಅಲ್ಲ, ನಿಜವಾಗ್ಲೂ ಸತ್ತಿಲ್ಲ!"

"ನಿಜವಾಗ್ಲೂ. ನಾನೂ ಅದೇ ಹೇಳ್ತಿರೋದು." ಸಗಿನ್‌ಬಾಯ್ ಮೂಗೊರೆಸಿಕೊಂಡ. "ಮಕ್ಕಳ ವಿಚಾರ ಈಗ ಎತ್ತೋದು ಬೇಡ. ವರ್ಷ ಕಳೀಲಿ. ಆಮೇಲೆ ದೇವರಿಟ್ಟಂಗೆ."

ಶಾರ್ಶೆನ್ ಈಗ ನಿಜವಾಗಿ ಅತ್ತ. ಸಾಕು, ಹದಿನಾರು ಮಹಡಿಯೂ ಹಾಳಾಗಿ ಹೋಗಲಿ ಎಂದು ಜಿನಾಯಿದಾಳ ಜೇಬಿನಿಂದ ಚೀಟಿ ಕಿತ್ತುಕೊಳ್ಳಲು ಅವನು ಎರಡು ಹೆಜ್ಜೆ ಇಟ್ಟದ್ದೂ ಉಂಟು. ಮೇಲಿನಿಂದ ಮೆಕ್ಯಾನಿಕ್ ಕೂಗಿದ: "ಆಯ್ತು! ಕಳಿಸ್ತಿದೀನಿ!"

ಅಂಗಳದ ಅಳು ಕತ್ತರಿಸಿದಂತೆ ನಿಂತಿತು. ಎಲ್ಲರೂ ಕೆಳಗಿನ ಪಡಸಾಲೆಗೆ ನುಗ್ಗಿದರು. ನಾಲ್ಕು ವರ್ಷದಿಂದ ಸತ್ತಿದ್ದ ಪುಟ್ಟ ದೀಪದ ಫಲಕ ಕಣ್ಣು ಬಿಟ್ಟಿತು. ಏಳು. ಎಂಟು. ಒಂಬತ್ತು. ಅಲ್ಲಿ ನಿಂತಿತು.

"ಪಾರ್ಥಿವ ಶರೀರ ಹೊರೋಕೆ ನಾಲ್ಕು ಜನ ಮೇಲೆ ಹೋಗಿ," ಎಂದರು ಅಬ್ದಿರಾಸುಲ್. ಯಾರೂ ಕದಲಲಿಲ್ಲ. ಅವರು ಇನ್ನೊಮ್ಮೆ ಹೇಳುವಷ್ಟರಲ್ಲಿ ದೀಪ ತಾನಾಗಿಯೇ ಇಳಿಯತೊಡಗಿತು. ಎಂಟು. ಏಳು. ಆರು. ಅಬ್ದಿರಾಸುಲ್ ಬೆಚ್ಚಿ ಶಾರ್ಶೆನ್‌ನ ತೋಳು ಹಿಡಿದರು. "ಯಾರ್ರೀ ಗುಂಡಿ ಒತ್ತಿದ್ದು?"

"ಟೋಪಿ ತೆಗೀರಿ," ಎಂದ ಜಪಾರ್ ಗಂಭೀರವಾಗಿ. ಎಲ್ಲರೂ ತೆಗೆದರು.

ಟಿಣ್ ಎಂದಿತು. ಬಾಗಿಲು ತೆರೆಯಿತು. ಒಳಗೆ ಹಸಿರು ಸೋಫಾದ ಮೇಲೆ, ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಕಾಲ ಬಳಿ ನೀಲಿ ಬಕೆಟ್ಟು ಇಟ್ಟುಕೊಂಡು ಉರ್ಕಿಯಾ ಕೂತಿದ್ದಳು. ಕೈಯಲ್ಲಿ ಚಹಾದ ಬಟ್ಟಲು. ಮಂಡಿನೋವಿನವಳು ಎರಡನೇ ಸಲ ಏಳಲಾರಳಾದ್ದರಿಂದ ಯಾವಾಗಲೂ ಅಂಚಿನ ತನಕ ಬಗ್ಗಿಸಿಕೊಳ್ಳುತ್ತಿದ್ದಳು.

"ಯಾರು ಸತ್ತಿದ್ದು ಅಂತ ಕೇಳಿ ಕೇಳಿ ಗಂಟಲು ಹೋಯ್ತು," ಎಂದಳು. "ಗಂಟೆ ಸದ್ದು ಕೇಳ್ತು, ಬಾಗಿಲು ತೆಗ್ದಿತ್ತು, ಸೋಫಾನೂ ಇತ್ತು. ನಾನೇ ಬಂದೆ. ಯಾರು ಹೋಗಿದ್ದು? ಈ ಟೋಪಿ ತೆಗ್ದು ನಿಂತಿರೋ ದೊಡ್ಡ ಮನುಷ್ಯನ ಕಡೆಯೋರಾ?"

ಅಬ್ದಿರಾಸುಲ್ ಗೋಡೆ ಹಿಡಿದುಕೊಂಡರು. ಸಗಿನ್‌ಬಾಯ್ ಮಾತ್ರ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನು ಮುದುಕಿಯನ್ನು ನೋಡಲಿಲ್ಲ. ಬಟ್ಟಲಿನ ಮೇಲೆ ಬಗ್ಗಿದ. ಬಟ್ಟಲಿನಡಿಯ ತಟ್ಟೆ ನೋಡಿದ. ಸೋಫಾದ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದ. ಧೂಳು. ತೇವವಿಲ್ಲ.

"ಒಂದು ಹನಿ ತುಳುಕಿಲ್ಲ!" ಎಂದು ಅವನು ಅಂಗಳಕ್ಕೆಲ್ಲ ಕೇಳುವಂತೆ ಸಾರಿದ. "ಬೀಗರೇ, ಕ್ಷಮಿಸಿ. ತಲಾಸಿನ ತುಂಬಾ ನಿಮ್ಮನ್ನ ಬೂಸಿಬಾಯಿ ಅಂತ ಹೇಳ್ಕೊಂಡು ಬಂದಿದ್ದೆ. ನನ್ನ ಕಂದು ಕುದುರೇನೂ ಹೀಗೆ ಇಳಿಯಲ್ಲ! ಲೇ, ತಾರೇ ಆ ಪೆಟ್ಟಿಗೆ!"

"ಸಾವಿನ ಮನೇಲಾ?" ಎಂದಳು ಅವನ ಹೆಂಡತಿ.

"ಸತ್ತೋರು ಚಹಾ ಕುಡೀತಾರೇನೇ?"

ಲಿಫ್ಟಿನಲ್ಲಿಯೇ, ಸೋಫಾದ ಮೇಲೆ, ಅಜ್ಜಿಯ ಪಕ್ಕ ಬುರುಲ್ ಕೂತಳು. ಬೀಗಿತ್ತಿ ಓಲೆ ತೊಡಿಸಿದಳು. ಉರ್ಕಿಯಾ ಎರಡು ಅಂಗೈ ಬಿಚ್ಚಿ, "ಮನೆ ತುಂಬಾ ಮಕ್ಕಳಾಗ್ಲಿ, ನಲ್ಲಿ ತುಂಬಾ ನೀರು ಬರ್ಲಿ," ಎಂದು ಹರಸಿ ಮುಖ ಸವರಿಕೊಂಡಳು. ನೂರಾರು ಕೈಗಳು ಜೊತೆಗೆ ಮುಖ ಸವರಿಕೊಂಡವು. ಅಳಲು ಬಂದಿದ್ದ ಜನ ಕಡಾಯಿಯ ಸುತ್ತ ಕೂತರು. ಜಪಾರ್ ಮನೆಗೆ ಓಡಿ ತುತ್ತೂರಿ ತಂದ. ಕುಲೀಪಾ ಬಿಳಿ ಬಟ್ಟೆಯನ್ನು ಕೋಲಿನಿಂದ ಬಿಚ್ಚಿ, ಕೊಡವಿ, ಅದು ಮೊದಲಿನಿಂದಲೂ ಇರಬೇಕಾಗಿದ್ದ ಮೇಜಿನ ಮೇಲೆ ಹಾಸಿದಳು. ಶಾರ್ಶೆನ್ ಅಂಗಳದ ನಡುವೆ ನಿಂತು, ಎಲ್ಲವೂ ತನ್ನ ಯೋಜನೆಯಂತೆಯೇ ನಡೆಯಿತೆಂಬ ಮುಖ ಮಾಡಿದ.

ನಾಲ್ಕೂವರೆಗೆ ಅಬ್ದಿರಾಸುಲ್ ಗಡಿಯಾರ ನೋಡಿ ಲಿಫ್ಟಿನ ಬಾಗಿಲಿಗೆ ಬಂದರು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಹಿಂದೆ ನಿಂತಿದ್ದ. ಉರ್ಕಿಯಾ ಸೋಫಾದ ಮೇಲೇ ಇದ್ದಳು. ಮೂರನೇ ಬಟ್ಟಲು ಚಹಾ ನಡೆದಿತ್ತು.

"ಅಜ್ಜೀ, ಸಂತೋಷ ಆಯ್ತು. ಇನ್ನು ಹೊರಗೆ ಬನ್ನಿ. ಈ ಸುರುಳಿ ನಮ್ಮ ಕಚೇರೀದು. ಐದು ಗಂಟೆಗೆ ವಾಪಸ್ ಹೋಗ್ಬೇಕು."

"ಕಚೇರೀಲಿ ನಿಮ್ಮ ಕೋಣೆ ಎಷ್ಟನೇ ಮಹಡಿ ಸಾಹೇಬ್ರೇ?" ಎಂದು ಜಿನಾಯಿದಾ ಪಕ್ಕದಿಂದ ಕೇಳಿದಳು.

"ಏಳು," ಎಂದರು ಅಬ್ದಿರಾಸುಲ್ ಸಣ್ಣ ದನಿಯಲ್ಲಿ. ಆಮೇಲೆ ಸೋಫಾದ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಅಜ್ಜೀ, ನಿಮ್ಮನ್ನ ಮತ್ತೆ ಮೇಲೆ ಹತ್ತಿಸಲ್ಲ ನಾನು. ಹೊಸ ಬಡಾವಣೇಲಿ ನೆಲಮಹಡಿ ಮನೆ ಕೊಡಿಸ್ತೀನಿ. ಎರಡು ಕೋಣೆ, ಬಿಸಿನೀರು, ಕಿಟಕಿ ಮುಂದೆ ಸೇಬಿನ ಗಿಡ. ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ. ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ. ಒಂದೇ ಒಂದು ಹೆಜ್ಜೆ, ಈ ಹೊಸ್ತಿಲಿಂದ ಆಚೆಗೆ." ಅವರು ಕೈ ಚಾಚಿದರು.

ಅಂಗಳದಲ್ಲಿ ತುತ್ತೂರಿ ನಿಂತಿತು. ಹದಿನಾರು ಮಹಡಿಯ ಬಾಲ್ಕನಿಗಳಲ್ಲಿ ಬಕೆಟ್ಟಿನ ಹಗ್ಗ ಹಿಡಿದ ಮುದುಕರೆಲ್ಲ ಕೆಳಗೆ ಬಗ್ಗಿದರು. ಉರ್ಕಿಯಾ ಚಾಚಿದ ಕೈಯನ್ನು ನೋಡಿದಳು, ಬಟ್ಟಲಿನ ಕೊನೆಯ ಗುಟುಕು ಮುಗಿಸಿದಳು, ಕಾಲೆರಡನ್ನೂ ಎತ್ತಿ ಸೋಫಾದ ಮೇಲೆ ಮಡಚಿಕೊಂಡಳು.

"ಇಳಿಯಲ್ಲ," ಎಂದಳು.